ಮನೆಯೊಳಗೊಂದು ಸಣ್ಣ ಸಮುದ್ರ: ಉಪ್ಪುನೀರಿನ ಹವಳದ ತೊಟ್ಟಿ ಮಾಡುವವರಿಗೆ ಕೆಲವು ಪಾಠಗಳು

ಈ ವಾರ ಬೆಳೆ, ಗೊಬ್ಬರ, ರೋಗ ಬಿಟ್ಟು ಸ್ವಲ್ಪ ಬೇರೆ ವಿಷಯ. ಆದರೆ ಪೂರ್ತಿ ಬೇರೆ ಅಲ್ಲ, ಓದ್ತಾ ಹೋದ್ರೆ ನಿಮಗೇ ಗೊತ್ತಾಗುತ್ತೆ.

ನಮ್ಮ ಹಿತ್ತಲಲ್ಲಿ ಹತ್ತು ವರ್ಷದ ಕರಿಬೇವಿನ ಗಿಡ ಇತ್ತು. ಓಣಿಯವರೆಲ್ಲ ಒಗ್ಗರಣೆಗೆ ಅದರಿಂದಲೇ ಎಲೆ ಒಯ್ಯುತ್ತಿದ್ದರು. ಆ ಗಿಡ ಒಣಗಿ ಹೋಯ್ತು. ಒಣಗಿಸಿದ್ದು ರೋಗ ಅಲ್ಲ, ಹುಳ ಅಲ್ಲ, ನನ್ನ ಮೀನಿನ ತೊಟ್ಟಿ.

ಆಗಿದ್ದು ಇಷ್ಟು. ಅಕ್ಕನ ಮಗ ಪಿಯುಸಿ ಓದಲು ನಮ್ಮ ಮನೆಯಲ್ಲೇ ಇದ್ದ. ಮೊಬೈಲಿನಲ್ಲಿ ಹವಳದ ಅಕ್ವೇರಿಯಂ ನೋಡಿ "ಮಾಮಾ, ನಮ್ಮ ಮನ್ಯಾಗೂ ಒಂದು ಸಮುದ್ರ ಮಾಡೋಣು" ಅಂತ ಗಂಟುಬಿದ್ದ. ನನಗೂ ಆಸೆ ಇತ್ತು, ಮಾಡಿದೆವು. ಅದಕ್ಕೂ ಮೊದಲು ನಮ್ಮಲ್ಲಿ ಸಿಹಿನೀರಿನ ಮೀನಿನ ತೊಟ್ಟಿ ಇತ್ತು. ಅದರ ಹಳೇ ನೀರನ್ನು ಗಿಡಕ್ಕೆ ಹಾಕು, ಒಳ್ಳೇ ಗೊಬ್ಬರ ಅಂತ ಅವ್ವನಿಗೆ ನಾನೇ ಹೇಳಿದ್ದೆ. ಹೊಸ ತೊಟ್ಟಿಯದು ಉಪ್ಪುನೀರು, ಅದನ್ನ ಹಾಕಬೇಡ ಅಂತ ಹೇಳೋದು ಮರೆತೆ. ವಾರಕ್ಕೊಂದು ಬಕೆಟ್ ಹಳೇ ನೀರು ತೆಗೆದು ಹಿತ್ತಲ ಬಾಗಿಲಲ್ಲಿ ಇಡ್ತಿದ್ದೆ. ಅವ್ವ ಅದನ್ನ ಕರಿಬೇವಿಗೆ ಸುರೀತಿದ್ದಳು. ಎಂಟು ವಾರದಲ್ಲಿ ಎಲೆಯ ಅಂಚು ಸುಟ್ಟವು, ಆಮೇಲೆ ಟೊಂಗೆ ಒಣಗಿದವು.

"ಮೀನಿನ ನೀರು ಗಿಡಕ್ಕ ಛಲೋ ಅಂತ ನೀನ ಹೇಳಿದ್ಯಲ್ಲೋ" ಅಂದಳು ಅವ್ವ. ತೋಟಗಾರಿಕೆ ಓದಿದ ನನಗೆ ಉತ್ತರ ಇರಲಿಲ್ಲ.

ಲೆಕ್ಕ ಹಾಕಿ ನೋಡ್ರಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. 15 ಲೀಟರ್ ಬಕೆಟ್ ಅಂದ್ರೆ ಅರ್ಧ ಕೆಜಿಗೂ ಮೇಲೆ. ಎಂಟು ವಾರಕ್ಕೆ ನಾಲ್ಕು ಕೆಜಿ ಉಪ್ಪು ಒಂದೇ ಗಿಡದ ಬುಡಕ್ಕೆ ಬಿದ್ದಿತ್ತು. ನಾರಾಯಣಪುರ ಎಡದಂಡೆ ಕಾಲುವೆ ಕೆಳಗೆ ಸವಳು ಬಿದ್ದ ಹೊಲ ನೋಡಿದವರಿಗೆ ಉಪ್ಪು ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ.

ಆ ಮೇಲೆ ಈ ತೊಟ್ಟಿಯ ಬಗ್ಗೆ ಕೇಳೋ ಹುಡುಗರು ಬಹಳ ಆದರು. ಎಲ್ಲರಿಗೂ ಒಂದೊಂದು ಸಲ ಹೇಳೋ ಬದಲು ಇಲ್ಲಿ ಬರೀತಾ ಇದ್ದೀನಿ. ನನ್ನ ಮಾತು ಒಂದೇ: ಇಲ್ಲಿ ನಾವು ಸಾಕೋದು ಮೀನನ್ನಲ್ಲ, ನೀರನ್ನು. ಹೊಲದಲ್ಲಿ ಮಣ್ಣು ಸರಿ ಇದ್ರೆ ಬೆಳೆ ತಾನೇ ಬರುವ ಹಾಗೆ, ನೀರು ಸರಿ ಇದ್ರೆ ಮೀನು, ಹವಳ ತಾನೇ ಬದುಕುತ್ತವೆ.

ಮೊದಲು ಕಾನೂನು ತಿಳ್ಕೊಳ್ರಿ

ಹವಳ ಗಿಡ ಅಲ್ಲ, ಕಲ್ಲೂ ಅಲ್ಲ, ಪ್ರಾಣಿ. ನಮ್ಮ ದೇಶದಲ್ಲಿ ದೊಡ್ಡ ಹವಳದ ದಿಬ್ಬಗಳು ಇರೋದು ಲಕ್ಷದ್ವೀಪ, ಅಂಡಮಾನ್-ನಿಕೋಬಾರ್, ಮನ್ನಾರ್ ಕೊಲ್ಲಿ ಮತ್ತು ಕಛ್ ಕೊಲ್ಲಿಯಲ್ಲಿ. ನಮ್ಮ ರಾಜ್ಯದಲ್ಲಿ ನೋಡಬೇಕಂದ್ರೆ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಇವೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಗೆ 2001ರಲ್ಲಿ ಹವಳಗಳನ್ನು ಸೇರಿಸಿದರು. ದಿಬ್ಬ ಕಟ್ಟುವ ಎಲ್ಲಾ ಗಟ್ಟಿ ಹವಳ, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸೀ ಫ್ಯಾನ್ ಎಲ್ಲ ಅದರಲ್ಲಿವೆ. ಹುಲಿ ಇರುವ ಪಟ್ಟಿಯೇ ಅದು. ಕಡಲ ಕುದುರೆ, ಕಡಲ ಸೌತೆ, ಕೆಲವು ಚಿಪ್ಪಿನ ಜೀವಿಗಳಿಗೂ ರಕ್ಷಣೆ ಇದೆ. ಸತ್ತ ಹವಳದ ತುಂಡು, ಸಮುದ್ರದಿಂದ ಕಿತ್ತು ತಂದ "ಲೈವ್ ರಾಕ್" ಕೂಡ ನಿಮ್ಮನ್ನು ತೊಂದರೆಗೆ ಸಿಗಿಸಬಹುದು. ಅಂಗಡಿಯವನು "ಏನೂ ಆಗಲ್ಲ, ಎಲ್ಲರೂ ಇಟ್ಕೊಂಡಾರ" ಅಂದ್ರೆ ನಂಬಬ್ಯಾಡ್ರಿ.

ಹಾಗಾದ್ರೆ ಏನು ಇಡಬಹುದು? ಮಶ್ರೂಮ್, ಜೊಯಾಂಥಿಡ್, ಲೆದರ್ ಅನ್ನೋ ಮೆತ್ತನೆಯ ಜಾತಿಗಳು ಮೇಲೆ ಹೇಳಿದ ಗುಂಪುಗಳಲ್ಲಿ ಬರೋದಿಲ್ಲ. ಹೊಸಬರಿಗೆ ಸಾಕಲು ಸುಲಭ ಆಗಿರೋದೂ ಇವೇ. ಆದರೂ ಕೊಳ್ಳೋ ಮೊದಲು ಜಾತಿಯ ಹೆಸರು ಬರೆದ ಬಿಲ್ ಕೇಳ್ರಿ, ಅನುಮಾನ ಬಂದ್ರೆ ಅರಣ್ಯ ಇಲಾಖೆ ಕಚೇರಿಯಲ್ಲಿ ವಿಚಾರಿಸ್ರಿ. ಮೀನು ತರುವುದಾದರೆ ಹ್ಯಾಚರಿಯಲ್ಲಿ ಮರಿ ಮಾಡಿಸಿದ ಕ್ಲೌನ್ ಮೀನು ತರ್ರಿ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕೇರಳದ ವಿಳಿಂಜಂ ಕೇಂದ್ರದಲ್ಲಿ ಕ್ಲೌನ್ ಮೀನಿನ ಸಂತಾನೋತ್ಪತ್ತಿ ವಿಧಾನ ರೂಢಿಗೆ ತಂದಿದ್ದಾರೆ. ಹ್ಯಾಚರಿ ಮೀನು ಕೊಟ್ಟ ಆಹಾರ ತಿಂತದೆ, ತೊಟ್ಟಿಗೆ ಹೊಂದಿಕೊಳ್ತದೆ. ಸಮುದ್ರದಿಂದ ಹಿಡಿದ ಮೀನು ಎಷ್ಟೋ ಸಲ ಉಪವಾಸ ಬಿದ್ದೇ ಸಾಯ್ತದೆ.

ತೊಟ್ಟಿ ಎಷ್ಟು ದೊಡ್ಡದು, ಎಲ್ಲಿ ಇಡಬೇಕು

ಸಣ್ಣ ತೊಟ್ಟಿ ಸುಲಭ ಅಂತ ಎಲ್ಲರೂ ತಿಳಿದಿರ್ತಾರೆ. ಉಲ್ಟಾ. ನೀರು ಕಡಿಮೆ ಇದ್ದಷ್ಟೂ ತಪ್ಪು ಬೇಗ ದೊಡ್ಡದಾಗ್ತದೆ. 2 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿ ಹೊಸಬರಿಗೆ ಸರಿ. ಕಲ್ಲು ಇಟ್ಟು, ಮೇಲೆ ನಾಲ್ಕು ಬೆರಳು ಜಾಗ ಬಿಟ್ಟರೆ ಸುಮಾರು 100 ಲೀಟರ್ ನೀರು ಹಿಡೀತದೆ. ಕಲ್ಲು, ಗಾಜು, ನೀರು ಸೇರಿ ತೂಕ ಒಂದೂವರೆ ಕ್ವಿಂಟಲ್ ಹತ್ತಿರ ಬರ್ತದೆ. ಹಳೇ ಮೇಜಿನ ಮೇಲೆ ಇಡಬ್ಯಾಡ್ರಿ, ಗಟ್ಟಿ ಸ್ಟ್ಯಾಂಡ್ ಮಾಡಿಸಿ ನೀರುಮಟ್ಟ ಹಿಡಿದು ಕೂಡಿಸ್ರಿ.

ಬಿಸಿಲು ಬೀಳುವ ಕಿಟಕಿ, ತಗಡಿನ ಮಾಳಿಗೆ, ಅಡುಗೆಮನೆ ಮೂರೂ ಬೇಡ. ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಕೋಣೆ ಯಾವುದೋ ಅಲ್ಲಿ ಇಡ್ರಿ. ದಪ್ಪ ಕಲ್ಲುಗೋಡೆಯ ಹಳೇ ಮನೆ ಇದ್ದವರು ಪುಣ್ಯವಂತರು.

ನೀರು ಮತ್ತು ಉಪ್ಪು

ನಮ್ಮ ಬೋರಿನ ನೀರು ನೇರವಾಗಿ ಹಾಕುವ ಹಾಗಿಲ್ಲ. ನಮ್ಮ ಮನೆಯ ಬೋರಿನದು ಟಿಡಿಎಸ್ ಮೀಟರಿನಲ್ಲಿ ಸಾವಿರ ದಾಟ್ತದೆ. ಅದರ ಜೊತೆ ನೈಟ್ರೇಟ್, ಸಿಲಿಕಾ ಏನೇನಿದೆಯೋ ಯಾರಿಗೆ ಗೊತ್ತು. ಆರ್‌ಒ ಮಾಡಿ, ಆಮೇಲೆ ಡಿಐ ರಾಳದ ಫಿಲ್ಟರ್ ಹಾಯಿಸಿ, ಟಿಡಿಎಸ್ ಸೊನ್ನೆ ಬಂದ ನೀರನ್ನೇ ಬಳಸಬೇಕು. ಆರ್‌ಒ ಯಂತ್ರ ಹೊರಹಾಕುವ ನೀರನ್ನ ಪಾತ್ರೆ ತೊಳೆಯಲು, ನೆಲ ಒರೆಸಲು ಇಟ್ಕೊಳ್ರಿ.

ಅಡುಗೆ ಉಪ್ಪಿನಿಂದ ಸಮುದ್ರ ಆಗೋದಿಲ್ಲ. 100 ಗ್ರಾಂ ಸಮುದ್ರದ ಉಪ್ಪಿನಲ್ಲಿ ಕ್ಲೋರೈಡ್ 55 ಗ್ರಾಂ, ಸೋಡಿಯಂ 30 ಗ್ರಾಂಗೂ ಸ್ವಲ್ಪ ಮೇಲೆ. ಉಳಿದದ್ದು ಸಲ್ಫೇಟ್, ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಷಿಯಂ, ಬೈಕಾರ್ಬನೇಟ್. ಬರೀ ಯೂರಿಯಾ ಹಾಕಿ ಬೆಳೆ ತೆಗೀತೀನಿ ಅಂದಂಗ ಬರೀ ಅಡುಗೆ ಉಪ್ಪು ಹಾಕಿ ಹವಳ ಬೆಳೆಸ್ತೀನಿ ಅನ್ನೋದು. ಅಕ್ವೇರಿಯಂಗೆ ಅಂತಲೇ ಬರುವ ಸಮುದ್ರ ಉಪ್ಪಿನ ಮಿಶ್ರಣ ಕೊಳ್ಳಬೇಕು. 100 ಲೀಟರಿಗೆ ಮೂರೂವರೆಯಿಂದ ನಾಲ್ಕು ಕೆಜಿ ಬೇಕಾಗ್ತದೆ.

ಮೊದಲು ನೀರು, ಆಮೇಲೆ ಉಪ್ಪು. ಬಕೆಟಿನಲ್ಲಿ ಸಣ್ಣ ಪಂಪ್ ಬಿಟ್ಟು ಒಂದು ದಿನ ತಿರುಗಿಸ್ರಿ. ರಿಫ್ರಾಕ್ಟೋಮೀಟರಿನಲ್ಲಿ ಸಾಂದ್ರತೆ 1.025 ಬರಬೇಕು. ಮೀಟರನ್ನ 35 ಪಿಪಿಟಿಯ ಅಳತೆ ದ್ರಾವಣದಿಂದ ಸರಿಮಾಡ್ಕೊಳ್ರಿ, ಬರೀ ಶುದ್ಧ ನೀರಿನಿಂದ ಸರಿಮಾಡಿದ್ರೆ ಮೋಸ ಹೋಗಬಹುದು.

ಇನ್ನು ಎಲ್ಲಕ್ಕಿಂತ ಮುಖ್ಯ ಮಾತು. ಆವಿಯಾಗಿ ಹೋಗೋದು ನೀರು ಮಾತ್ರ, ಉಪ್ಪು ಅಲ್ಲ. ಆದ್ದರಿಂದ ದಿನಾ ಕಡಿಮೆಯಾದ ನೀರಿಗೆ ಬದಲಾಗಿ ಶುದ್ಧ ಸಿಹಿನೀರು ಹಾಕಬೇಕು, ಉಪ್ಪುನೀರು ಅಲ್ಲ. 100 ಲೀಟರಿನಲ್ಲಿ 10 ಲೀಟರ್ ಆವಿಯಾದ್ರೆ 35 ಇದ್ದ ಉಪ್ಪು 39ರ ಹತ್ತಿರ ಹೋಗ್ತದೆ. ಕಾಲುವೆ ನೀರು ನಿಂತು, ಆವಿಯಾಗಿ, ಹೊಲದ ಮೇಲೆ ಬೆಳ್ಳಗೆ ಉಪ್ಪು ಬಿಡುತ್ತಲ್ಲ, ಅದೇ ಪಾಠ ಇದು. ಗಾಜಿನ ಮೇಲೆ ಟೇಪಿನ ಗುರುತು ಹಾಕಿ ದಿನಾ ಬೆಳಿಗ್ಗೆ ಆ ಗುರುತಿಗೆ ತುಂಬಿಸ್ರಿ.

ಕಲ್ಲು ಮತ್ತು ಆರು ವಾರದ ತಾಳ್ಮೆ

ತೂತು ತೂತಾಗಿರುವ ಸೆರಾಮಿಕ್ ಅಥವಾ ಮಾಡಿದ ಒಣ ಕಲ್ಲು ತರ್ರಿ, 8-10 ಕೆಜಿ ಸಾಕು. ತಳಕ್ಕೆ ಆಧಾರವಾಗಿ ನಮ್ಮ ಶಹಾಬಾದ್ ಕಲ್ಲಿನ ತುಂಡು ಇಡಬಹುದು, ಅದು ಸುಣ್ಣದ ಕಲ್ಲೇ. ಆದರೆ ಅದರಲ್ಲಿ ತೂತು ಇಲ್ಲದ ಕಾರಣ ಸೂಕ್ಷ್ಮಜೀವಿಗಳಿಗೆ ಮನೆ ಆಗೋದಿಲ್ಲ. ಸಿಮೆಂಟಿನಿಂದ ಕಲ್ಲು ಮಾಡ್ಕೊಳ್ಳೋರು ಅದನ್ನ ಒಂದೆರಡು ತಿಂಗಳು ನೀರು ಬದಲಿಸ್ತಾ ನೆನೆಸಬೇಕು, ಇಲ್ಲಾಂದ್ರೆ ಪಿಎಚ್ ಏರಿ ಎಲ್ಲ ಸಾಯ್ತವೆ. ಹೊಳೆಯ ಉಸುಕು ಬೇಡವೇ ಬೇಡ. ತಳ ಖಾಲಿ ಬಿಟ್ಟರೂ ನಡೀತದೆ, ತೊಳೆಯೋದು ಸುಲಭ.

ಈಗ ಯೂರಿಯಾ ನೆನಪು ಮಾಡ್ಕೊಳ್ರಿ. ಹೊಲಕ್ಕೆ ಹಾಕಿದ ಯೂರಿಯಾ ಅಮೋನಿಯಾ ಆಗಿ, ಸೂಕ್ಷ್ಮಜೀವಿಗಳಿಂದ ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗ್ತದೆ. ತೊಟ್ಟಿಯಲ್ಲೂ ಅದೇ ಚಕ್ರ. ಮೀನಿನ ಉಚ್ಚೆ, ಹೇಲು, ಉಳಿದ ಆಹಾರ ಎಲ್ಲ ಅಮೋನಿಯಾ ಆಗ್ತದೆ. ಆ ಸೂಕ್ಷ್ಮಜೀವಿಗಳು ಬೆಳೆಯೋ ಮೊದಲು ಮೀನು ಬಿಟ್ಟರೆ ತನ್ನ ಹೇಲಿನಲ್ಲೇ ಅದು ಸಾಯ್ತದೆ. ಹೊಸ ತೊಟ್ಟಿಯಲ್ಲಿ ಮೀನು ಸಾಯಲು ಮೊದಲ ಕಾರಣ ಇದೇ.

ಉಪ್ಪುನೀರು, ಕಲ್ಲು, ಪಂಪ್ ಎಲ್ಲ ಹೂಡಿ, ಸಿಪ್ಪೆ ತೆಗೆದ ಒಂದು ಸಣ್ಣ ಸಿಗಡಿ ತುಂಡು ಹಾಕಿ ಬಿಡ್ರಿ. ವಾರಕ್ಕೆರಡು ಸಲ ಕಿಟ್‌ನಿಂದ ಪರೀಕ್ಷೆ ಮಾಡ್ರಿ. ಅಮೋನಿಯಾ ಏರಿ ಇಳೀತದೆ, ಆಮೇಲೆ ನೈಟ್ರೈಟ್ ಏರಿ ಇಳೀತದೆ, ಕೊನೆಗೆ ನೈಟ್ರೇಟ್ ಕಾಣಿಸ್ತದೆ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಬಂದ ಮೇಲೆ ಮಾತ್ರ ಜೀವ ಬಿಡ್ರಿ. ನಾಲ್ಕರಿಂದ ಆರು ವಾರ ಹಿಡೀತದೆ. ಜೀವಾಮೃತ ಮಾಡಿ ಅದೇ ದಿನ ಫಲ ಕೇಳೋಕಾಗಲ್ಲ, ಇದೂ ಹಂಗ. ನಡುವೆ ಕಲ್ಲಿನ ಮೇಲೆ ಕಂದು ಪಾಚಿ ಬರ್ತದೆ. ಮೊದಲ ಮಳೆಗೆ ಕಳೆ ಎದ್ದಂಗ ಅದು, ಹೆದರಬ್ಯಾಡ್ರಿ, ತಾನೇ ಹೋಗ್ತದೆ.

ಇದೇ ಆರು ವಾರ ನಿಮ್ಮ ಪರೀಕ್ಷೆಯೂ ಹೌದು. ಖಾಲಿ ನೀರನ್ನ ದಿನಾ ನೋಡಿ, ತುಂಬಿಸಿ, ಅಳೆಯೋಕೆ ಬೇಜಾರು ಬಂದ್ರೆ ಅಲ್ಲಿಗೇ ನಿಲ್ಲಿಸ್ರಿ. ಒಂದು ಜೀವ ಉಳಿಸಿದಂಗಾಗ್ತದೆ.

ನಮ್ಮ ಬಿಸಿಲು, ನಮ್ಮ ಕರೆಂಟು

ಹವಳಕ್ಕೆ 24ರಿಂದ 27 ಡಿಗ್ರಿ ಬೇಕು. 30 ದಾಟಿ ಕೆಲವು ದಿನ ನಿಂತರೆ ಹವಳದ ಒಳಗಿರುವ ಸೂಕ್ಷ್ಮ ಪಾಚಿ ಹೊರಬಿದ್ದು ಹವಳ ಬೆಳ್ಳಗಾಗ್ತದೆ. ನಮ್ಮಲ್ಲಿ ಏಪ್ರಿಲ್-ಮೇನಲ್ಲಿ ಹೊರಗೆ 40 ದಾಟ್ತದೆ. ಇಲ್ಲೇ ಹೆಚ್ಚಿನವರು ಸೋಲೋದು.

ಆದರೆ ನಮಗೊಂದು ಅನುಕೂಲ ಇದೆ, ಕರಾವಳಿಯವರಿಗೆ ಇಲ್ಲ. ನಮ್ಮ ಬೇಸಿಗೆ ಗಾಳಿ ಒಣ. ಮಣ್ಣಿನ ಗಡಿಗೆ ನೀರು ತಂಪಾಗೋ ಹಾಗೆ, ನೀರಿನ ಮೇಲೆ ಅಡ್ಡ ಸಣ್ಣ ಫ್ಯಾನ್ ಬಿಟ್ಟರೆ ಆವಿಯಾಗ್ತಾ ನೀರು ತಂಪಾಗ್ತದೆ. ಒಂದು ಲೀಟರ್ ಆವಿಯಾಗಲು ಬೇಕಾದ ಶಾಖವನ್ನೆಲ್ಲ ನೀರಿನಿಂದಲೇ ತೆಗೆದರೆ 100 ಲೀಟರ್ ನೀರು ಐದು ಡಿಗ್ರಿಗೂ ಮೇಲೆ ಇಳೀಬೇಕು. ಕೋಣೆಯ ಬಿಸಿ ಮತ್ತೆ ಸೇರೋದರಿಂದ ಅಷ್ಟು ಇಳಿಯಲ್ಲ, ಆದರೆ ಎರಡು ಮೂರು ಡಿಗ್ರಿ ಇಳಿಯೋದನ್ನ ನಾನೇ ನೋಡಿದ್ದೀನಿ. ಅದಕ್ಕೆ ಬೆಲೆ ಏನಂದ್ರೆ ದಿನಾ ಎರಡು ಮೂರು ಲೀಟರ್ ಸಿಹಿನೀರು ತುಂಬಿಸಬೇಕು. ಕೋಣೆಯೇ 35-36 ಆಗೋ ಮನೆಯಲ್ಲಿ ಫ್ಯಾನ್ ಸಾಲದು, ಚಿಲ್ಲರ್ ಬೇಕು. ಅದಕ್ಕೆ ದುಡ್ಡಿಲ್ಲ ಅಂದ್ರೆ ಹವಳ ಬೇಡ.

ಕರೆಂಟ್ ಹೋದರೆ ಮೀನಿಗೆ ಮೊದಲು ಕಾಡೋದು ಉಸಿರು. ಉಪ್ಪುನೀರಿನಲ್ಲಿ ಸಿಹಿನೀರಿಗಿಂತ ಐದರಲ್ಲೊಂದು ಪಾಲು ಆಮ್ಲಜನಕ ಕಡಿಮೆ ಕರಗ್ತದೆ, ಬಿಸಿ ಆದಷ್ಟೂ ಇನ್ನೂ ಕಡಿಮೆ. ಪಂಪ್ ನಿಂತು ನೀರು ಅಲುಗದಿದ್ರೆ ಮೇ ತಿಂಗಳ ರಾತ್ರಿ ಕೆಲವೇ ತಾಸಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಡ್ತಾವೆ. ಹೋದ ವರ್ಷ ಗಾಳಿ-ಮಳೆಗೆ ಕಂಬ ಬಿದ್ದು ರಾತ್ರಿಯೆಲ್ಲ ಕರೆಂಟ್ ಇರಲಿಲ್ಲ. ಅಳಿಯ ಮತ್ತೆ ನಾನು ಪಾಳಿ ಹಾಕಿ ಚೊಂಬಿನಿಂದ ನೀರು ಎತ್ತಿ ಎತ್ತಿ ಹಾಕಿ ಬೆಳಗು ಮಾಡಿದೆವು. ಮರುದಿನವೇ ಬ್ಯಾಟರಿಯ ಏರ್ ಪಂಪ್ ತಂದೆ. ಇನ್ವರ್ಟರ್ ಇದ್ದವರು ಲೈಟ್ ಬಿಟ್ಟು ಪಂಪನ್ನ ಮಾತ್ರ ಅದಕ್ಕೆ ಜೋಡಿಸ್ರಿ.

ಏನು ಬಿಡಬೇಕು, ಎಷ್ಟು ಬಿಡಬೇಕು

100 ಲೀಟರಿಗೆ ಕ್ಲೌನ್ ಮೀನಿನ ಒಂದು ಜೋಡಿ ಸಾಕು. ಕ್ಲೌನ್ ಮೀನುಗಳು ಮೊದಲು ಗಂಡಾಗೇ ಬೆಳೀತಾವೆ, ಜೋಡಿಯಲ್ಲಿ ದೊಡ್ಡದು ಹೆಣ್ಣಾಗಿ ಬದಲಾಗ್ತದೆ. ಆದ್ದರಿಂದ ಒಂದು ದೊಡ್ಡದು, ಒಂದು ಸಣ್ಣದು ತಂದರೆ ಜಗಳ ಕಡಿಮೆ. ಇದಕ್ಕೆ ಕಡಲ ಹೂ ಬೇಕೇ ಬೇಕು ಅನ್ನೋದು ತಪ್ಪು, ಇಲ್ಲದೆಯೂ ಆರಾಮಾಗಿ ಇರ್ತದೆ.

ಮೀನು ಬಿಟ್ಟು ತಿಂಗಳು ಕಳೆದ ಮೇಲೆ ಒಂದು ಮಶ್ರೂಮ್ ಹವಳ, ಅದು ಹಿಡಿದ ಮೇಲೆ ಇನ್ನೊಂದು. ಬೆಳಕು ದಿನಕ್ಕೆ ಎಂಟು ತಾಸು. ಹೆಚ್ಚು ಬೆಳಕು ಹವಳಕ್ಕಿಂತ ಮೊದಲು ಪಾಚಿಗೆ ಸಿಗ್ತದೆ. ಜೊಯಾಂಥಿಡ್ ಮುಟ್ಟೋವಾಗ ಕೈಗವಸು, ಕನ್ನಡಕ ಹಾಕ್ಕೊಳ್ರಿ. ಅವುಗಳಲ್ಲಿ ಕೆಲವಕ್ಕೆ ಭಾರೀ ವಿಷ ಇದೆ. ಅವು ಹತ್ತಿದ ಕಲ್ಲನ್ನ ಯಾವತ್ತೂ ಕುದಿಸಬ್ಯಾಡ್ರಿ, ಆ ಹಬೆಯಿಂದಲೇ ಮನೆಮಂದಿ ಆಸ್ಪತ್ರೆ ಸೇರಬೇಕಾದೀತು.

ದಿನದ, ವಾರದ ಕೆಲಸ

- ದಿನಾ: ಉಷ್ಣತೆ ನೋಡೋದು, ಗುರುತಿನವರೆಗೆ ಸಿಹಿನೀರು ತುಂಬಿಸೋದು, ಎರಡು ನಿಮಿಷದಲ್ಲಿ ತಿಂದು ಮುಗಿಯುವಷ್ಟೇ ಆಹಾರ ಹಾಕೋದು.
- ವಾರಕ್ಕೊಮ್ಮೆ: ಗಾಜು ಒರೆಸಿ, ತಳದ ಕಸ ಎಳೆದು 10 ಲೀಟರ್ ಹಳೇ ನೀರು ತೆಗೆದು, ಅಷ್ಟೇ ಹೊಸ ಉಪ್ಪುನೀರು ಹಾಕೋದು. ಹೊಸ ನೀರಿನ ಉಷ್ಣತೆ, ಸಾಂದ್ರತೆ ಎರಡೂ ತೊಟ್ಟಿಗೆ ಸಮ ಇರಬೇಕು.
- ವಾರಕ್ಕೊಮ್ಮೆ ಪರೀಕ್ಷೆ: ಪಿಎಚ್ 8.0ರಿಂದ 8.4, ಕ್ಷಾರೀಯತೆ 8ರಿಂದ 11 ಡಿಕೆಎಚ್, ನೈಟ್ರೇಟ್ 10-20 ಪಿಪಿಎಂ ಒಳಗೆ.
- ತಿಂಗಳಿಗೊಮ್ಮೆ: ಪಂಪ್ ಬಿಚ್ಚಿ ತೊಳೆಯೋದು, ಆರ್‌ಒ ನೀರಿನ ಟಿಡಿಎಸ್ ನೋಡೋದು.

ಮೆತ್ತನೆ ಹವಳಗಳಿಗೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಷಿಯಂ ನೀರು ಬದಲಿಸೋದರಲ್ಲೇ ಸಿಗ್ತದೆ. ಬಾಟಲಿ ಬಾಟಲಿ ಔಷಧ ಕೊಳ್ಳೋ ಅಗತ್ಯ ಇಲ್ಲ. ಅಳೆಯದೆ ಏನನ್ನೂ ಹಾಕಬ್ಯಾಡ್ರಿ. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬೇಡ ಅಂತ ಹೇಳ್ತೀವಲ್ಲ, ಅದೇ ಮಾತು.

ರೈತರ ಮನೆಗೆ ಎರಡು ವಿಶೇಷ ಎಚ್ಚರಿಕೆ

ಒಂದು, ತಾಮ್ರ. ನಿಂಬೆ ಗಿಡಕ್ಕೆ ಬೋರ್ಡೋ ದ್ರಾವಣ ಹೊಡೆದು ಬಂದು, ಕೈ ಸುಮ್ಮನೆ ತೊಳೆದು, ತೊಟ್ಟಿಗೆ ಕೈ ಹಾಕಿದೆ. ಮರುದಿನ ಎರಡು ಕ್ಲೀನರ್ ಸಿಗಡಿ ಸತ್ತು ಬಿದ್ದಿದ್ದವು. ಮೀನಿಗೆ ಏನೂ ಆಗಿರಲಿಲ್ಲ. ಸಿಗಡಿ, ಬಸವನಹುಳು, ಹವಳ ಇವಕ್ಕೆ ತಾಮ್ರ ಚೂರೇ ಇದ್ದರೂ ವಿಷ. ಸಿಂಪರಣೆ ಮಾಡಿದ ದಿನ ತೊಟ್ಟಿ ಮುಟ್ಟಬ್ಯಾಡ್ರಿ. ಸ್ಪ್ರೇಯರ್ ತೊಳೆದ ಬಕೆಟ್, ತಾಮ್ರದ ಕೊಡ ಯಾವುದೂ ತೊಟ್ಟಿಯ ಕೆಲಸಕ್ಕೆ ಬರಬಾರದು. ತೊಟ್ಟಿಯ ಬಕೆಟಿಗೆ ಬಣ್ಣ ಬಳಿದು ಬೇರೆಯೇ ಇಡ್ರಿ.

ಎರಡು, ಸೊಳ್ಳೆ ಔಷಧ. ಸೊಳ್ಳೆ ಬತ್ತಿ, ಸ್ವಿಚ್‌ಗೆ ಹಾಕುವ ದ್ರವ, ತಿಗಣೆ ಸ್ಪ್ರೇ ಇವುಗಳಲ್ಲಿರುವ ಪೈರೆಥ್ರಾಯ್ಡ್ ಮೀನಿಗೂ ಸಿಗಡಿಗೂ ಅಪಾಯ. ಆ ಕೋಣೆಗೆ ಸೊಳ್ಳೆ ಪರದೆಯೇ ಸರಿ.

ಹಳೇ ನೀರು ಏನು ಮಾಡೋದು

ವಾರಕ್ಕೆ 10 ಲೀಟರ್ ಅಂದ್ರೆ 350 ಗ್ರಾಂ ಉಪ್ಪು, ವರ್ಷಕ್ಕೆ 18 ಕೆಜಿ. ಸಮುದ್ರದ ನೀರಿನ ಇಸಿ ಸುಮಾರು 50. ಮಣ್ಣಿನ ಇಸಿ 4 ದಾಟಿದ್ರೇ ಅದನ್ನ ಸವಳು ಅಂತೀವಿ. ನಮ್ಮ ಎರೆಮಣ್ಣಿಗೆ ಸೋಡಿಯಂ ಸೇರಿದ್ರೆ ಕಣಗಳು ಬಿಡಿಬಿಡಿಯಾಗಿ ಮಣ್ಣು ಕಲ್ಲಿನಂಗ ಗಟ್ಟಿಯಾಗ್ತದೆ, ನೀರು ಇಂಗೋದಿಲ್ಲ. ಆದ್ದರಿಂದ ಹಿತ್ತಲು, ತಿಪ್ಪೆ, ಗಿಡದ ಬುಡ, ಇಂಗುಗುಂಡಿ, ಬಾವಿ ಹತ್ತಿರ ಎಲ್ಲೂ ಇದನ್ನ ಸುರಿಯೋ ಹಾಗಿಲ್ಲ. ಊರಲ್ಲಿ ಒಳಚರಂಡಿ ಇದ್ದವರು ಬಚ್ಚಲಲ್ಲಿ ಬೇರೆ ನೀರಿನ ಜೊತೆ ಬಿಡಬಹುದು. ಹಳ್ಳಿಯವರು ನಾನು ಮಾಡೋ ಹಾಗೆ ಮಾಡ್ರಿ: ಮಾಳಿಗೆ ಮೇಲೆ ಅಗಲವಾದ ಪ್ಲಾಸ್ಟಿಕ್ ತಟ್ಟೆಗೆ ಹಾಕಿ ಒಣಗಿಸೋದು. ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೆ ಉಪ್ಪು ಮಾತ್ರ ಉಳೀತದೆ. ಅದನ್ನ ಚೀಲಕ್ಕೆ ತುಂಬಿ ಪುರಸಭೆ ಅಥವಾ ಪಂಚಾಯ್ತಿಯ ಕಸಕ್ಕೆ ಕೊಡ್ರಿ. ದನಕ್ಕೆ ನೆಕ್ಕಿಸಬ್ಯಾಡ್ರಿ. ಮಳೆಗಾಲದಲ್ಲಿ ಮುಚ್ಚಳದ ಡ್ರಮ್ಮಿನಲ್ಲಿ ಕೂಡಿಟ್ಟು ಬಿಸಿಲು ಬಿದ್ದಾಗ ಒಣಗಿಸಿ.

ಉಪ್ಪು ಬಿದ್ದ ಜಾಗ ಸರಿಮಾಡಲು ನಾನು ಜಿಪ್ಸಂ ಬೆರೆಸಿ, ಬದು ಕಟ್ಟಿ, ಸಿಹಿನೀರು ನಿಲ್ಲಿಸಿ ನಿಲ್ಲಿಸಿ ತೊಳೆದೆ. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂ ಅನ್ನು ಬಿಡಿಸ್ತದೆ, ನೀರು ಅದನ್ನ ಕೆಳಗೆ ಒಯ್ತದೆ. ಒಂದು ಮಳೆಗಾಲ ಪೂರ್ತಿ ಬೇಕಾಯ್ತು.

ಕೊನೆಗೆ

ಖರ್ಚು ಕೇಳ್ತೀರಿ ಅಂತ ಹೇಳ್ತೀನಿ. ಚಿಲ್ಲರ್ ಬಿಟ್ಟು ನನಗೆ ಮೂವತ್ತು ಸಾವಿರ ದಾಟಿತು. ಇದರಿಂದ ಆದಾಯ ಇಲ್ಲ. ಮೀನಿನಿಂದ ದುಡ್ಡು ಮಾಡಬೇಕು ಅನ್ನೋರು ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು ಸಾಕ್ರಿ, ಮೀನುಗಾರಿಕೆ ಇಲಾಖೆಯವರನ್ನ ಕಾಣ್ರಿ. ಆ ನೀರು ಗಿಡಕ್ಕೂ ಒಳ್ಳೇದು.

ಹಾಗಾದ್ರೆ ನಾನ್ಯಾಕೆ ಇನ್ನೂ ಇಟ್ಕೊಂಡಿದ್ದೀನಿ? ಹೊಲದಲ್ಲಿ ಒಂದು ತಪ್ಪಿನ ಫಲ ಕಾಣಲು ಒಂದು ಹಂಗಾಮು ಬೇಕು, ತೊಟ್ಟಿಯಲ್ಲಿ ಒಂದು ವಾರ ಸಾಕು. ಸಾರಜನಕದ ಚಕ್ರ, ಉಪ್ಪು ಕೂಡೋದು, ಅವಸರದ ಫಲ ಎಲ್ಲವನ್ನೂ ಅಕ್ಕನ ಮಗ ಆ ಗಾಜಿನಲ್ಲೇ ಕಲಿತ. ಈಗ ಅವನು ಕೃಷಿ ಪದವಿಗೆ ಸೇರಬೇಕು ಅಂತಾನೆ.

ಅವ್ವ ಈ ಸಲ ಕರಿಬೇವಿನ ಹೊಸ ಸಸಿಯನ್ನ ಮುಂಚಿನ ಜಾಗ ಬಿಟ್ಟು ಬಾವಿಕಟ್ಟೆ ಹತ್ತಿರ ಹಚ್ಚಿದ್ದಾಳೆ. ನಾನು ಬಕೆಟ್ ಹಿಡಿದು ಹಿತ್ತಲಿಗೆ ಬಂದರೆ ಸಾಕು, "ಯಾವ ನೀರಪ್ಪಾ ಅದು?" ಅಂತ ಕೇಳ್ತಾಳೆ. ನಿಮ್ಮ ಮನೆಯವರಿಗೂ ಮೊದಲ ದಿನವೇ ಹೇಳಿಬಿಡ್ರಿ.